ಹಳೇ ಮಸ್ಟಾಂಗ್ ಮನೆಯಲ್ಲೇ ರಿಪೇರಿ: ಎಂಜಿನ್ ಬಿಚ್ಚಿ ಕಟ್ಟಬೇಕಾ, ಹೊಸದು ತರಬೇಕಾ, ವೈರಿಂಗ್‌ಗೆ ಏನು ಮಾಡಬೇಕು?

ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆ ಇದು. "1965ರ ಮಸ್ಟಾಂಗ್ ತಗೊಂಡಿದ್ದೀನಿ, ಬಾಡಿ ಪರವಾಗಿಲ್ಲ. ಎಂಜಿನ್ ಹೊಗೆ ಬಿಡುತ್ತೆ, ಲೈಟು ಒಂದ್ಸಲ ಹತ್ತುತ್ತೆ ಒಂದ್ಸಲ ಇಲ್ಲ. ಮನೆ ಗ್ಯಾರೇಜಿನಲ್ಲೇ ಸರಿ ಮಾಡ್ಬೇಕು ಅಂತ ಆಸೆ. ಎಂಜಿನ್ ಬಿಚ್ಚೋದಾ, ರೆಡಿ ಎಂಜಿನ್ ತರೋದಾ?" ಒಬ್ಬೊಬ್ಬರೂ ಒಂದೊಂದು ಹೇಳಿ ತಲೆ ಕೆಡಿಸಿರುತ್ತಾರೆ.

ಇಲ್ಲಿ 1965 ಮತ್ತು 66ರ ಫೋರ್ಡ್ ಮಸ್ಟಾಂಗ್ ಬಗ್ಗೆ ಮಾತ್ರ ಬರೆಯುತ್ತೇನೆ. ಮೊದಲ ಸಲ ಹಳೇ ಅಮೆರಿಕನ್ ಕಾರಿಗೆ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಕಾರು ನನಗೆ ಗೊತ್ತಿಲ್ಲ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಇದು ಹೊರಬಂತು. ಈ ಎರಡು ಮಾಡೆಲ್ ವರ್ಷಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅಷ್ಟೊಂದು ಕಾರು ಇದ್ದದ್ದರಿಂದಲೇ ಇವತ್ತಿಗೂ ಇದರ ಸಣ್ಣ ಕ್ಲಿಪ್ಪಿನಿಂದ ಹಿಡಿದು ಇಡೀ ವೈರಿಂಗ್ ತನಕ ಎಲ್ಲ ಹೊಸದಾಗಿ ಸಿಗುತ್ತದೆ. ಬೇರೆ ಕಾರಾದರೆ ಒಂದು ಸ್ವಿಚ್‌ಗೆ ತಿಂಗಳುಗಟ್ಟಲೆ ಹುಡುಕಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವೈರಿಂಗ್ ಮೊದಲು, ಎಂಜಿನ್ ಆಮೇಲೆ. ಎಂಜಿನ್ ಕೈಕೊಟ್ಟರೆ ಕಾರು ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ವೈರಿಂಗ್ ಕೈಕೊಟ್ಟರೆ ಕಾರಿಗೆ ಬೆಂಕಿ ಬೀಳುತ್ತದೆ. ಕಾರು ನಿಂತಿರುವುದು ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ, ಅಲ್ವಾ? ಆದರೆ ಹೆಚ್ಚಿನವರು ಮಾಡುವುದು ಉಲ್ಟಾ. ಎಂಜಿನ್‌ಗೆ ಎಲ್ಲ ದುಡ್ಡೂ ಸುರಿದು, ಕೊನೆಗೆ ಹಳೇ ತಂತಿಗೆ ಟೇಪ್ ಸುತ್ತಿ ಓಡಿಸುತ್ತಾರೆ.

ಯಾವುದನ್ನು ನೋಡಿ ನಿರ್ಧರಿಸಬೇಕು

ಮೊದಲನೆಯದು, ಕಾರು ನಿಮಗೆ ಯಾಕೆ ಬೇಕು ಅನ್ನುವುದು. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುವುದಕ್ಕೋ, ಡೆಟ್ರಾಯಿಟ್ ಕಡೆಯವರಾದರೆ ಆಗಸ್ಟ್‌ನ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ತಗೊಂಡು ಹೋಗುವುದಕ್ಕೋ, ಹೈವೇಯಲ್ಲಿ ದೂರ ಓಡಿಸುವುದಕ್ಕೋ, ಅಥವಾ ಮುಂದೆ ಒಳ್ಳೆಯ ಬೆಲೆಗೆ ಮಾರುವುದಕ್ಕೋ? ಇನ್ನೂ ಒಂದು ಕಾರಣ ಇರಬಹುದು. ಎಂಜಿನ್ ಒಳಗೆ ಏನಿದೆ ಅಂತ ಕೈಯಾರೆ ಬಿಚ್ಚಿ ಕಲಿಯುವ ಆಸೆ. ಇದೂ ಗಟ್ಟಿ ಕಾರಣವೇ. ಹಾಗಿದ್ದರೆ ಲೆಕ್ಕಾಚಾರವೇ ಬೇರೆಯಾಗುತ್ತದೆ.

ಎರಡನೆಯದು ದುಡ್ಡು, ಮೂರನೆಯದು ಸಮಯ. ನಾಲ್ಕನೆಯದು ಜಾಗ. ವಿ8 (ಎಂಟು ಸಿಲಿಂಡರಿನ) ಎಂಜಿನ್ ತೂಕ 200 ಕಿಲೋಗೂ ಜಾಸ್ತಿ. ಅದನ್ನು ಎತ್ತಲು ಹಾಯಿಸ್ಟ್ ಬೇಕು, ಹಾಯಿಸ್ಟ್ ಓಡಾಡಲು ಕಾರಿನ ಮುಂದೆ ಜಾಗ ಬೇಕು, ಬಿಚ್ಚಿದ ಎಂಜಿನ್ ತಿಂಗಳುಗಟ್ಟಲೆ ಸ್ಟ್ಯಾಂಡ್ ಮೇಲೆ ನಿಂತಿರಲು ಮೂಲೆ ಬೇಕು. ಟೌನ್‌ಹೌಸ್‌ನಲ್ಲಿದ್ದರೆ ಅಲ್ಲಿನ ಸಂಘದ ನಿಯಮ ಮೊದಲು ಓದಿ. ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚುವುದಕ್ಕೆ ಕೆಲವು ಕಡೆ ಬಿಡುವುದಿಲ್ಲ.

ಐದನೆಯದು ಕಾರಿನ ಮೂಲರೂಪ. ಇಲ್ಲಿ ಬಹಳ ಜನ ಅನಾವಶ್ಯಕವಾಗಿ ಹೆದರುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಿನ ವಿಐಎನ್, ಅಂದರೆ ಕಾರ್ಖಾನೆ ಕೊಟ್ಟ ಗುರುತಿನ ಸಂಖ್ಯೆಯ, ಐದನೇ ಅಕ್ಷರ ಎಂಜಿನ್ ಯಾವುದು ಅಂತ ಹೇಳುತ್ತದೆ. ಟಿ ಅಂದರೆ 200 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್, 120 ಅಶ್ವಶಕ್ತಿ. ಸಿ ಅಂದರೆ 289 ಕ್ಯೂಬಿಕ್ ಇಂಚಿನ ವಿ8, ಎರಡು ಬ್ಯಾರೆಲ್ ಕಾರ್ಬ್ಯುರೇಟರ್, 200 ಅಶ್ವಶಕ್ತಿ. ಎ ಅಂದರೆ ಅದೇ 289, ನಾಲ್ಕು ಬ್ಯಾರೆಲ್, 225. ಕೆ ಅಂದರೆ 271 ಅಶ್ವಶಕ್ತಿಯ ಅಪರೂಪದ ಎಂಜಿನ್. (ಎರಡನೇ ಅಕ್ಷರ ಆರ್ ಇದ್ದರೆ ಕಾರು ಸ್ಯಾನ್ ಹೋಸೆ ಕಾರ್ಖಾನೆಯದ್ದು. ಆ ಕಾರ್ಖಾನೆ ಇದ್ದದ್ದು ಮಿಲ್ಪಿಟಾಸ್‌ನಲ್ಲಿ. ಬೇ ಏರಿಯಾದ ನಮ್ಮವರು ಈಗ ಶಾಪಿಂಗ್‌ಗೆ ಹೋಗುವ ಗ್ರೇಟ್ ಮಾಲ್ ಇದೆಯಲ್ಲ, ಅದೇ ಕಟ್ಟಡ.)

1968ಕ್ಕಿಂತ ಮೊದಲಿನ ಮಸ್ಟಾಂಗ್‌ಗಳಲ್ಲಿ ಕೆ ಕೋಡ್ ಬಿಟ್ಟರೆ ಉಳಿದ ಎಂಜಿನ್‌ಗಳ ಮೇಲೆ ವಿಐಎನ್ ಕೆತ್ತುತ್ತಿರಲಿಲ್ಲ. ಎರಕದ ಸಂಖ್ಯೆ ಮತ್ತು ದಿನಾಂಕ ನೋಡಿ ಈ ಕಾರಿನ ಕಾಲದ್ದೇ ಎಂಜಿನ್ ಅನ್ನಬಹುದು, ಅಷ್ಟೇ. ಹಾಗಾಗಿ ಸಿ ಕೋಡ್ ಕಾರಿನ ಎಂಜಿನ್ ಬದಲಿಸಿದರೆ ಬೆಲೆ ಪಾತಾಳಕ್ಕೆ ಹೋಗುತ್ತದೆ ಅನ್ನುವ ಭಯ ಬೇಡ. ಹಳೇ ಎಂಜಿನ್ ಒಂದು ಮೂಲೆಯಲ್ಲಿ ಮುಚ್ಚಿಟ್ಟುಕೊಂಡರೆ ಸಾಕು. ಕೆ ಕೋಡ್ ಆಗಿದ್ದರೆ ಮಾತ್ರ ಆ ಎಂಜಿನ್ ಕಾರಿನಲ್ಲೇ ಇರಬೇಕು. ಅದನ್ನೇ ಕಟ್ಟಿಸಿ, ಎಷ್ಟೇ ಖರ್ಚಾದರೂ.

ಕಾನೂನಿನ ತೊಂದರೆ ಹೆಚ್ಚೇನಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಕಾರುಗಳಿಗೆ ಸ್ಮಾಗ್ ಪರೀಕ್ಷೆ ಇಲ್ಲ. ಮಿಷಿಗನ್‌ನಲ್ಲಿ ಹೊಗೆ ಪರೀಕ್ಷೆಯೇ ಇಲ್ಲ.

ಬಿಚ್ಚುವ ಮುಂಚೆ ಅಳೆಯಿರಿ

ಹೊಗೆ ಬಂದ ತಕ್ಷಣ ಎಂಜಿನ್ ಮುಗಿಯಿತು ಅಂದುಕೊಳ್ಳಬೇಡಿ. ವಾಲ್ವ್ ಸೀಲ್ ಗಟ್ಟಿಯಾಗಿ ಒಡೆದಿದ್ದರೂ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತದೆ. ಆ ಸೀಲ್‌ಗಳನ್ನು ಎಂಜಿನ್ ಇಳಿಸದೆಯೇ ಹಾಕಬಹುದು.

ಆಟೋಝೋನ್, ಓರೈಲಿಯಂಥ ಅಂಗಡಿಗಳಲ್ಲಿ ಠೇವಣಿ ಇಟ್ಟು ಕಂಪ್ರೆಷನ್ ಗೇಜ್ ಎರವಲು ತರಬಹುದು. ವಾಪಸ್ ಕೊಟ್ಟಾಗ ಠೇವಣಿ ಪೂರ್ತಿ ಸಿಗುತ್ತದೆ. ಎಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಒಂದೊಂದೇ ಸಿಲಿಂಡರ್ ಅಳೆಯಿರಿ. ಒಂದೊಂದು ಅಂಕಿಗಿಂತ ಅವುಗಳ ನಡುವಿನ ವ್ಯತ್ಯಾಸ ಮುಖ್ಯ. ಎಲ್ಲಕ್ಕಿಂತ ಕಡಿಮೆ ಬಂದದ್ದು ಎಲ್ಲಕ್ಕಿಂತ ಜಾಸ್ತಿ ಬಂದದ್ದರ ಶೇ. 75ಕ್ಕಿಂತ ಕೆಳಗಿರಬಾರದು.

ಕಡಿಮೆ ಬಂದ ಸಿಲಿಂಡರ್‌ಗೆ ಲೀಕ್‌ಡೌನ್ ಪರೀಕ್ಷೆ ಮಾಡಿ. ಪಿಸ್ಟನ್ ಮೇಲ್ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಪ್ಲಗ್ ತೂತಿನಿಂದ ಗಾಳಿ ಬಿಡುವುದು. ಆಮೇಲೆ ಕಿವಿಗೊಟ್ಟು ಕೇಳಿ. ಸೈಲೆನ್ಸರ್ ತುದಿಯಲ್ಲಿ ಸುಂಯ್ ಅಂದರೆ ಎಕ್ಸಾಸ್ಟ್ ವಾಲ್ವ್ ಕೂರುತ್ತಿಲ್ಲ. ಕಾರ್ಬ್ಯುರೇಟರ್ ಬಾಯಲ್ಲಿ ಕೇಳಿಸಿದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದ ಗಾಳಿ ನುಗ್ಗಿದರೆ ರಿಂಗ್ ಸವೆದಿದೆ. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಅರ್ಧ ದಿನದ ಈ ಕೆಲಸ ಸಾವಿರಾರು ಡಾಲರ್‌ನ ನಿರ್ಧಾರವನ್ನು ಸುಲಭ ಮಾಡುತ್ತದೆ. ಜೊತೆಗೆ ಒಂದು ಒಳ್ಳೆಯ ಆಯಿಲ್ ಪ್ರೆಷರ್ ಗೇಜ್ ಹಾಕಿ ನೋಡಿ. ಬಿಸಿ ಎಂಜಿನ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ಬೇರಿಂಗ್ ಪರವಾಗಿಲ್ಲ.

ಎಂಜಿನ್: ನಾಲ್ಕು ದಾರಿ

*ಇಳಿಸದೆ ಸರಿ ಮಾಡುವುದು.* ಕಂಪ್ರೆಷನ್ ಸರಿಯಿದೆ, ಆಯಿಲ್ ಪ್ರೆಷರ್ ಇದೆ, ಸೋರುತ್ತದೆ ಮತ್ತು ಸ್ವಲ್ಪ ಹೊಗೆ ಬರುತ್ತದೆ ಅಷ್ಟೇ ಅಂದರೆ ಇದೇ ಸರಿ. ವಾಲ್ವ್ ಸೀಲ್, ಗ್ಯಾಸ್ಕೆಟ್‌ಗಳು, ವಾಟರ್ ಪಂಪ್, ಕಾರ್ಬ್ಯುರೇಟರ್ ಕಿಟ್, ಟೈಮಿಂಗ್ ಚೈನ್. ಆ ಕಾಲದ ಹಲವು ಎಂಜಿನ್‌ಗಳಲ್ಲಿ ಕ್ಯಾಮ್ ಗೇರ್‌ನ ಹಲ್ಲಿಗೆ ನೈಲಾನ್ ಹೊದಿಕೆ ಇರುತ್ತಿತ್ತು. ಇಷ್ಟು ವರ್ಷಕ್ಕೆ ಅದು ಪುಡಿಯಾಗಿ ಆಯಿಲ್ ಪಂಪ್ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಚೈನ್ ಮುಟ್ಟುವಾಗ ಆಯಿಲ್ ಪ್ಯಾನ್ ಕೂಡ ಇಳಿಸಿ ನೋಡುವುದು ಒಳ್ಳೆಯದು. ಒಟ್ಟು ಖರ್ಚು ಅಂದಾಜು 400ರಿಂದ 800 ಡಾಲರ್. ಕೆಲವು ವಾರಾಂತ್ಯದ ಕೆಲಸ. ಕಾರು ವರ್ಷಕ್ಕೆ ಸಾವಿರ ಮೈಲಿ ಓಡುವುದಾದರೆ ಇದಕ್ಕಿಂತ ಜಾಸ್ತಿ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

*ಪೂರ್ತಿ ಬಿಚ್ಚಿ ಕಟ್ಟುವುದು.* ಮನೆಯಲ್ಲೇ ಮಾಡುವುದು ಅಂದರೂ ಅರ್ಧ ಕೆಲಸ ಮೆಷಿನ್ ಶಾಪ್‌ನದ್ದು. ಬ್ಲಾಕ್ ತೊಳೆಸಿ, ಬಿರುಕು ಇದೆಯಾ ನೋಡಿಸಿ, ಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡುವುದು), ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೆಡ್‌ಗೆ ಹೊಸ ವಾಲ್ವ್ ಕೂರಿಸುವುದು ಅವರ ಪಾಲು. ಜೋಡಿಸುವುದು ನಿಮ್ಮ ಪಾಲು. ಮೆಷಿನ್ ಶಾಪ್‌ಗೆ ಅಂದಾಜು 1500ರಿಂದ 3000, ಪಿಸ್ಟನ್, ರಿಂಗ್, ಬೇರಿಂಗ್, ಕ್ಯಾಮ್ ಸೇರಿದ ಕಿಟ್‌ಗೆ 600ರಿಂದ 1200 ಡಾಲರ್. ಊರಿಂದ ಊರಿಗೆ ಇದು ಬದಲಾಗುತ್ತದೆ. ಒಳ್ಳೆಯ ಮೆಷಿನ್ ಶಾಪ್‌ಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಆ ಸಮಯವನ್ನು ವೈರಿಂಗ್‌ಗೆ ಕೊಡಿ.

ಅಂಗಡಿಯವರ ಹತ್ತಿರ ಎರಡು ವಿಷಯ ಮಾತಾಡಿ. ಒಂದು, 289ರ ಬ್ಲಾಕ್ ತೆಳು ಗೋಡೆಯ ಎರಕ. 0.030 ಇಂಚು ಬೋರ್ ಮಾಡಿಸುವುದು ಮಾಮೂಲಿ. 0.040 ದಾಟುವುದಾದರೆ ಗೋಡೆಯ ದಪ್ಪ ಅಳೆದೇ ಮುಂದುವರಿಯಬೇಕು. ಹಿಂದೆ ಯಾರೋ ಒಮ್ಮೆ ಬೋರ್ ಮಾಡಿಸಿದ್ದರೆ ಈ ಮಾತು ಇನ್ನೂ ಮುಖ್ಯ. ಇನ್ನೊಂದು, ಎಕ್ಸಾಸ್ಟ್ ವಾಲ್ವ್ ಸೀಟ್. ಈ ಎಂಜಿನ್ ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲ್ ಕಾಲದಲ್ಲಿ. ಆ ಸೀಸವೇ ಸೀಟ್ ಸವೆಯದಂತೆ ಕಾಪಾಡುತ್ತಿತ್ತು. 1996ರಿಂದ ಅಮೆರಿಕದ ರಸ್ತೆಗಳಿಗೆ ಅದು ನಿಷಿದ್ಧ. ಹೆಡ್ ಹೇಗೂ ಅಂಗಡಿಯಲ್ಲಿದೆ, ಗಟ್ಟಿ ಸೀಟ್ ಹಾಕಿಸಿಬಿಡಿ. ಹೈವೇ ಓಡಿಸದವರು ಇದಕ್ಕಾಗಿಯೇ ಹೆಡ್ ಇಳಿಸಬೇಕಾಗಿಲ್ಲ.

ಜೋಡಿಸುವ ಕೆಲಸದಲ್ಲಿ ಬೇಕಾದ್ದು ತಾಳ್ಮೆ. ಉದಾಹರಣೆಗೆ ಬೇರಿಂಗ್ ಸಂದು ಅಳೆಯುವುದು. ಪ್ಲಾಸ್ಟಿಗೇಜ್ ಅನ್ನುವ ಹಸಿರು ಮೇಣದ ಎಳೆ ಸಿಗುತ್ತದೆ, ಕೂದಲಿಗಿಂತ ಸ್ವಲ್ಪ ದಪ್ಪ. ಒಣ ಕ್ರ್ಯಾಂಕ್ ಮೇಲೆ ಒಂದು ತುಂಡು ಇಟ್ಟು, ಮೇನ್ ಬೇರಿಂಗ್ ಕ್ಯಾಪ್ ಕೂರಿಸಿ, ಟಾರ್ಕ್ ರೆಂಚ್‌ನಲ್ಲಿ 60ರಿಂದ 70 ಅಡಿ-ಪೌಂಡ್‌ಗೆ ಬಿಗಿದು, ಮತ್ತೆ ಬಿಚ್ಚಬೇಕು. ಮಧ್ಯೆ ಕ್ರ್ಯಾಂಕ್ ತಿರುಗಿಸಬಾರದು. ಎಳೆ ಚಪ್ಪಟೆಯಾಗಿ ಹರಡಿರುತ್ತದೆ. ಅದರ ಜೊತೆ ಬಂದ ಕಾಗದದ ಅಳತೆಪಟ್ಟಿ ಹಿಡಿದು ಅಗಲ ನೋಡಿದರೆ ಸಂದು ಎಷ್ಟು ಅಂತ ಗೊತ್ತಾಗುತ್ತದೆ. ಹರಡಿದ್ದು ಅಗಲವಾದಷ್ಟೂ ಸಂದು ಕಡಿಮೆ. ಐದು ಮೇನ್, ಎಂಟು ಕನೆಕ್ಟಿಂಗ್ ರಾಡ್, ಎಲ್ಲದಕ್ಕೂ ಇದೇ ಕೆಲಸ. ರಾಡ್ ಬಿಗಿಯುವ ಟಾರ್ಕ್ ಮಾತ್ರ ಬೇರೆ, ಮೇನ್‌ಗಿಂತ ಕಡಿಮೆ. ಇದನ್ನು ಓದಿ ಕೈ ತುರಿಸಿದರೆ ನೀವು ಎಂಜಿನ್ ಕಟ್ಟಲೇಬೇಕಾದವರು. ಬೇಜಾರಾದರೆ ಮುಂದಿನ ದಾರಿ ನೋಡಿ.

ಮನೆಯಲ್ಲಿ ಮಕ್ಕಳಿದ್ದರೆ ಒಂದು ಎಚ್ಚರ. ಹಳೇ ಎಂಜಿನ್‌ನ ಮಸಿಯಲ್ಲಿ ಸೀಸ ಇರುತ್ತದೆ. ಕೈಗವಸು ಹಾಕಿ, ಮಸಿಯನ್ನು ಒಣಗಿದ್ದಾಗ ಕೆರೆಯಬೇಡಿ, ಆ ಬಟ್ಟೆ ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ.

*ರೆಡಿ ಎಂಜಿನ್.* ಇದರಲ್ಲಿ ಎರಡು ಬಗೆ. ಹಳೇ ಬ್ಲಾಕನ್ನು ಕಾರ್ಖಾನೆಯಲ್ಲಿ ಮರುನಿರ್ಮಾಣ ಮಾಡಿದ ಲಾಂಗ್ ಬ್ಲಾಕ್ (ಬ್ಲಾಕ್, ಹೆಡ್ ಸೇರಿದ್ದು, ಕಾರ್ಬ್ಯುರೇಟರ್ ಇಲ್ಲದ್ದು) ಒಂದು, ಅಂದಾಜು 2500ರಿಂದ 4000 ಡಾಲರ್. ಹಳೇ ಎಂಜಿನ್ ವಾಪಸ್ ಕೊಟ್ಟರೆ ಕೋರ್ ಠೇವಣಿ ತಿರುಗಿ ಬರುತ್ತದೆ, ಆದರೆ ಹಳೇ ಎಂಜಿನ್ ಶಾಶ್ವತವಾಗಿ ಹೋದ ಹಾಗೆಯೇ. ಇನ್ನೊಂದು ಕ್ರೇಟ್ ಎಂಜಿನ್. ನೆಬ್ರಾಸ್ಕಾದ ಬ್ಲೂಪ್ರಿಂಟ್ ಕಂಪನಿಯಂಥವರು ಫೋರ್ಡ್‌ನ 302 ಕ್ಯೂಬಿಕ್ ಇಂಚಿನ ವಿ8 ಆಧಾರದ ಮೇಲೆ ಕಟ್ಟಿ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಕಾರ್ಬ್ಯುರೇಟರ್ ಸಮೇತ ಬೇಕೆಂದರೆ 6000 ಡಾಲರ್ ಮೇಲೆ. ವಾರಂಟಿ ಇರುತ್ತದೆ, ಒಂದು ವಾರಾಂತ್ಯದಲ್ಲಿ ಕೂರಿಸಬಹುದು, ಶಕ್ತಿ ಮೂಲದ್ದಕ್ಕಿಂತ ಎಷ್ಟೋ ಜಾಸ್ತಿ. ಕೆಲಸಕ್ಕೆ ಹೋಗುವ, ಚಿಕ್ಕ ಮಕ್ಕಳಿರುವ, ಈ ಬೇಸಿಗೆಗೇ ಕಾರು ಓಡಬೇಕು ಅನ್ನುವವರಿಗೆ ಇದು ಸರಿ. ಆದರೆ ಹೆಚ್ಚಿದ ಶಕ್ತಿಯ ಖರ್ಚು ಎಂಜಿನ್ ಬಿಲ್ಲಿನಲ್ಲಿ ಕಾಣುವುದಿಲ್ಲ. ರೇಡಿಯೇಟರ್, ಕ್ಲಚ್, ಬ್ರೇಕ್ ಒಂದೊಂದಾಗಿ ಸಾಲದೆ ಬರುತ್ತವೆ.

*ಗುಜರಿಯ 5.0.* 1996ರಿಂದ 2001ರ ತನಕ ಫೋರ್ಡ್ ಎಕ್ಸ್‌ಪ್ಲೋರರ್‌ನಲ್ಲಿ 5.0 ಲೀಟರ್ ವಿ8 ಬರುತ್ತಿತ್ತು. ನಮ್ಮ 289ರದ್ದೇ ವಂಶ. ಹೆಡ್ ಚೆನ್ನಾಗಿದೆ, ಕ್ಯಾಮ್ ರೋಲರ್ ಬಗೆಯದ್ದು. ಗುಜರಿಯಲ್ಲಿ 500ರಿಂದ 1000 ಡಾಲರ್‌ಗೆ ಸಿಗುತ್ತದೆ. ಅಗ್ಗ ಅಂತ ಹಾರುವ ಮುಂಚೆ ಈ ಪಟ್ಟಿ ನೋಡಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬರುವ ಸರದಿ) ಬೇರೆ: 289ರದ್ದು 1-5-4-2-6-3-7-8, ಇದರದ್ದು 1-3-7-2-6-5-4-8. ಸಮತೋಲನದ ತೂಕ 28 ಔನ್ಸ್ ಬದಲು 50 ಔನ್ಸ್, ಹಾಗಾಗಿ ಹಳೇ ಫ್ಲೈವೀಲ್ ಮತ್ತು ಮುಂದಿನ ಡ್ಯಾಂಪರ್ ಹಾಕುವಂತಿಲ್ಲ. ಹಾಕಿದರೆ ಎಂಜಿನ್ ನಡುಗಿ ನಡುಗಿ ಬೇರಿಂಗ್ ತಿನ್ನುತ್ತದೆ. ಹಳೇ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಬೇಕೆಂದರೆ ಟೈಮಿಂಗ್ ಕವರ್ ಬದಲಿಸಬೇಕು. ಕಾರ್ಬ್ಯುರೇಟರ್‌ಗೆ ಬೇರೆ ಮ್ಯಾನಿಫೋಲ್ಡ್ ಬೇಕು. ಜಿಟಿ40ಪಿ ಅನ್ನುವ ಬಗೆಯ ಹೆಡ್ ಇದ್ದರೆ ಪ್ಲಗ್‌ಗಳ ಕೋನ ಬೇರೆ, ಮಾಮೂಲಿ ಹೆಡರ್ (ಎಕ್ಸಾಸ್ಟ್ ಪೈಪುಗಳ ಗುಂಪು) ತಾಗುತ್ತದೆ. ಎಲ್ಲ ಸೇರಿ 2000 ದಾಟುತ್ತದೆ. ಬಿಡಿಭಾಗ ಹೊಂದಿಸುವುದರಲ್ಲಿ ಖುಷಿ ಸಿಗುವವರಿಗೆ ಇದಕ್ಕಿಂತ ಒಳ್ಳೆಯ ಲಾಭ ಬೇರೆ ಇಲ್ಲ. ಮೊದಲ ಸಲದವರಿಗೆ ನಾನು ಹೇಳುವುದಿಲ್ಲ. 1964ರ ಆಗಸ್ಟ್‌ಗಿಂತ ಮೊದಲು ತಯಾರಾದ ಕಾರಾದರೆ ಇನ್ನೊಂದು ತೊಡಕು: ಆಗಿನ ವಿ8 ಬ್ಲಾಕ್‌ಗೆ ಗೇರ್‌ಬಾಕ್ಸ್ ಸೇರುವುದು ಐದು ಬೋಲ್ಟ್‌ನಲ್ಲಿ, ಆಮೇಲಿನದ್ದಕ್ಕೆ ಆರು.

ಫೋರ್ಡ್‌ನ ಹೊಸ ಕಾಲದ ಕೊಯೊಟೆ ವಿ8 ಎಂಜಿನ್ ಹಾಕುವುದು ಬೇರೆಯೇ ಲೋಕ. ಅದು ಶಾಕ್ ಟವರ್‌ಗಳ (ಮುಂದಿನ ಶಾಕ್ ಅಬ್ಸಾರ್ಬರ್ ಹಿಡಿದ ಗೋಪುರಗಳ) ಮಧ್ಯೆ ಕೂರುವುದಿಲ್ಲ, ಕಾರಿನ ಮುಂಭಾಗವನ್ನೇ ಕತ್ತರಿಸಬೇಕು. ಮನೆ ಗ್ಯಾರೇಜಿನ ಕೆಲಸ ಅಲ್ಲ, ಬಿಡಿ.

ಆರು ಸಿಲಿಂಡರ್ ಕಾರಿದ್ದವರಿಗೆ

ನಿಮಗೆ ಎಲ್ಲರೂ ಹೇಳುವುದು ಒಂದೇ ಮಾತು, "ತೆಗೆದು ವಿ8 ಹಾಕು". ಕೇಳಬೇಡಿ. ಆರು ಸಿಲಿಂಡರ್ ಕಾರಿನ ಚಕ್ರಕ್ಕೆ ನಾಲ್ಕೇ ನಟ್, ಬ್ರೇಕ್ ಚಿಕ್ಕದು, ಹಿಂದಿನ ಆ್ಯಕ್ಸಲ್ ಚಿಕ್ಕದು, ಮುಂದಿನ ಸ್ಪ್ರಿಂಗ್ ಮೆತ್ತಗಿನದು. ವಿ8 ಹಾಕಿದರೆ ಇದೆಲ್ಲವನ್ನೂ ಬದಲಿಸಬೇಕು. ಅದರ ಬದಲು ವಿ8 ಇರುವ ಕಾರನ್ನೇ ಕೊಳ್ಳುವುದು ಅಗ್ಗ. 200ರ ಎಂಜಿನ್‌ಗೆ ಏಳು ಮೇನ್ ಬೇರಿಂಗ್ ಇದೆ, ಗಟ್ಟಿಮುಟ್ಟು, ಸುತ್ತ ಕೈ ಹಾಕಲು ಬೇಕಾದಷ್ಟು ಜಾಗ. ಕಲಿಯುವವರಿಗೆ ಹೇಳಿ ಮಾಡಿಸಿದ್ದು.

ಇದರಲ್ಲಿ ಜನ ಎಡವುವುದು ಒಂದು ಕಡೆ. 1967ರ ತನಕದ ಡಿಸ್ಟ್ರಿಬ್ಯೂಟರ್‌ಗೆ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಒಳಗೆ ತೂಕದ ಗುಂಡುಗಳಿಲ್ಲ. ಕಿಡಿಯ ಟೈಮಿಂಗ್ ಮುಂದಕ್ಕೆ ಹೋಗುವುದು ಪೂರ್ತಿ ಕಾರ್ಬ್ಯುರೇಟರ್‌ನ ಗಾಳಿಯ ಸೆಳೆತದಿಂದ (ವ್ಯಾಕ್ಯೂಮ್), ಅದಕ್ಕೆಂದೇ ಮಾಡಿದ ಒಂದು ವಾಲ್ವ್ ಮೂಲಕ. ಕಾರ್ಬ್ಯುರೇಟರ್ ಮಾತ್ರ ಬದಲಿಸಿದರೆ ಈ ಜೋಡಿ ತಪ್ಪಿಹೋಗಿ ಕಾರು ಏರಿನಲ್ಲಿ ಉಸಿರುಗಟ್ಟುತ್ತದೆ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಎರಡನ್ನೂ ಉಳಿಸಿ.

ವೈರಿಂಗ್

ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ಮಲಗಿ ಹೆಡ್‌ಲೈಟ್ ಸ್ವಿಚ್‌ನ ಕನೆಕ್ಟರ್ ಹೊರಗೆಳೆಯಿರಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಒಂದು ಮೂಲೆ ಕರಗಿದ್ದರೆ, ಅದು ವರ್ಷಗಳಿಂದ ಬಿಸಿಯಾಗುತ್ತಲೇ ಇದೆ. ಈ ಕಾರಿನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಆ ಸ್ವಿಚ್ ಮೂಲಕವೇ ಹೋಗುತ್ತದೆ, ಮಧ್ಯೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಚ್ಚುವ ಸ್ವಿಚ್) ಇಲ್ಲ. ಒಂದು ತಂತಿಯನ್ನು ನಿಧಾನ ಬಗ್ಗಿಸಿ ನೋಡಿ. ಹೊದಿಕೆ ಬಿರುಕು ಬಿಟ್ಟು ತಾಮ್ರ ಕಂಡರೆ ಮುಂದೆ ಯೋಚಿಸುವುದೇನೂ ಇಲ್ಲ. ಬ್ಯಾಟರಿಯಿಂದ ಒಳಗೆ ಬರುವ ಮುಖ್ಯ ತಂತಿಗೆ ಫ್ಯೂಸ್ ಇಲ್ಲದ ಕಾರು ಇದು. ಆ ತಂತಿ ಬಾಡಿಗೆ ತಾಗಿದರೆ ಅದನ್ನು ತಡೆಯುವವರು ಯಾರೂ ಇಲ್ಲ.

ತಂತಿ ಮೆತ್ತಗಿದೆ, ಕನೆಕ್ಟರ್ ಚೆನ್ನಾಗಿದೆ ಅಂದರೆ ಹಳೆಯದನ್ನೇ ಉಳಿಸಿಕೊಳ್ಳಬಹುದು. ಆಗ ಮೊದಲು ಅರ್ಥ್ ನೋಡಿ. ಬ್ಯಾಟರಿಯಿಂದ ಎಂಜಿನ್, ಎಂಜಿನ್‌ನಿಂದ ಫೈರ್‌ವಾಲ್ ಪಟ್ಟಿಗಳನ್ನು ಬಿಚ್ಚಿ, ಬಣ್ಣ ತುಕ್ಕು ಕೆರೆದು, ಹೊಳೆಯುವ ಲೋಹಕ್ಕೆ ಬಿಗಿಯಿರಿ. ಒಂದ್ಸಲ ಹತ್ತಿ ಒಂದ್ಸಲ ಹತ್ತದ ಲೈಟು ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಲೈಟ್ ಹಾಕಿ, ಮಲ್ಟಿಮೀಟರ್‌ನ ಒಂದು ಮುಳ್ಳು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಹೆಡ್‌ಲೈಟ್ ತಂತಿಗೆ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲಿ ಎಲ್ಲೋ ಕೊಳೆ ಅಥವಾ ಸವೆತ ಇದೆ.

ಬದಲಿಸುವುದಾದರೆ ಎರಡು ಆಯ್ಕೆ. ಒಂದು, ಮೂಲದಂತೆಯೇ ಮಾಡಿದ ಹಾರ್ನೆಸ್, ಅಂದರೆ ತಂತಿಗಳ ಕಟ್ಟು. ಅದೇ ಬಣ್ಣದ ತಂತಿ, ಅದೇ ಕನೆಕ್ಟರ್. ಡ್ಯಾಶ್ ಕೆಳಗಿನದು, ಹೆಡ್‌ಲೈಟಿನದು, ಹಿಂದಿನ ಲೈಟಿನದು, ಆಲ್ಟರ್ನೇಟರ್‌ನದು ಅಂತ ಬಿಡಿಬಿಡಿಯಾಗಿ ಸಿಗುತ್ತದೆ. ಈ ತಿಂಗಳು ಒಂದು, ಮುಂದಿನ ತಿಂಗಳು ಒಂದು ಅಂತ ತರಬಹುದು. ಹಳೆಯದನ್ನು ಕಳಚಿ ಹೊಸದನ್ನು ಸಿಕ್ಕಿಸುವ ಕೆಲಸ, ತಂತಿ ಕತ್ತರಿಸಬೇಕಾಗಿಲ್ಲ. ಫೋರ್ಡ್‌ನ ಹಳೇ ವೈರಿಂಗ್ ನಕ್ಷೆ ಹಾಗೆಯೇ ಹೊಂದುತ್ತದೆ. ಕೊರತೆ ಏನೆಂದರೆ 1965ರ ದೌರ್ಬಲ್ಯಗಳೂ ಹಾಗೆಯೇ ವಾಪಸ್ ಬರುತ್ತವೆ. ಗಾಜಿನ ಫ್ಯೂಸ್ ನಾಲ್ಕಾರು, ಮುಖ್ಯ ತಂತಿಗೆ ಫ್ಯೂಸೇ ಇಲ್ಲ. ಅದಕ್ಕೆ ನೀವೇ ಸ್ಟಾರ್ಟರ್ ರಿಲೇ ಹತ್ತಿರ ಫ್ಯೂಸಿಬಲ್ ಲಿಂಕ್ (ಕರೆಂಟ್ ಹೆಚ್ಚಾದರೆ ತಾನೇ ಕರಗಿ ಕಡಿಯುವ ತಂತಿ) ಸೇರಿಸಬೇಕು, ಹೆಡ್‌ಲೈಟ್‌ಗೆ ರಿಲೇ ಹಾಕಬೇಕು. ಎರಡೂ ಚಿಕ್ಕ ಖರ್ಚು, ದೊಡ್ಡ ನೆಮ್ಮದಿ.

ಇನ್ನೊಂದು, ಆಧುನಿಕ ಕಿಟ್. ನ್ಯೂ ಜೆರ್ಸಿಯ ಅಮೆರಿಕನ್ ಆಟೋವೈರ್, ಟೆಕ್ಸಾಸ್‌ನ ಪೇನ್‌ಲೆಸ್ ಇಬ್ಬರೂ ಈ ಕಾರಿಗೆ ಮಾಡುತ್ತಾರೆ. ಹೊಸ ಫ್ಯೂಸ್ ಬಾಕ್ಸ್, ಬ್ಲೇಡ್ ಫ್ಯೂಸ್, ಫ್ಯಾನು, ಎಸಿ, ಸ್ಟೀರಿಯೊಗೆ ಬೇರೆ ಬೇರೆ ಲೈನ್. ಪ್ರತಿ ತಂತಿಯ ಮೇಲೂ ಅದು ಎಲ್ಲಿಗೆ ಹೋಗಬೇಕು ಅಂತ ಅಚ್ಚು ಹಾಕಿರುತ್ತಾರೆ. ಆದರೆ ಹಲವು ತಂತಿಗಳನ್ನು ಉದ್ದಕ್ಕೆ ಕತ್ತರಿಸಿ, ಟರ್ಮಿನಲ್ ಕ್ರಿಂಪ್ ಮಾಡುವುದು ನಿಮ್ಮ ಕೆಲಸ. ಒಳ್ಳೆಯ ಕ್ರಿಂಪಿಂಗ್ ಪ್ಲೈಯರ್ ಕೊಳ್ಳಿ, ಇದರಲ್ಲಿ ಜಿಪುಣತನ ಬೇಡ. ಇಡೀ ಕಾರಿಗೆ ಒಂದೇ ಸಲ ಹಾಕಬೇಕು, ಅಲ್ಲಿಯ ತನಕ ಕಾರು ನಿಂತೇ ಇರುತ್ತದೆ.

ಎಸಿ, ಎಲೆಕ್ಟ್ರಿಕ್ ಫ್ಯಾನ್, ಫ್ಯೂಯೆಲ್ ಇಂಜೆಕ್ಷನ್ ಇದರಲ್ಲಿ ಯಾವುದಾದರೂ ಎರಡು ಬೇಕೆಂದಿದ್ದರೆ ಆಧುನಿಕ ಕಿಟ್ಟೇ ಸರಿ. ರೇಡಿಯೊ, ಲೈಟು ಇಷ್ಟೇ ಸಾಕು ಅಂದರೆ ಮೂಲದಂಥ ಹಾರ್ನೆಸ್. ದೊಡ್ಡ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಕೊಡುವ ಯಂತ್ರ) ಆಸೆಗೆ 1990ರ ದಶಕದ 130 ಆ್ಯಂಪ್‌ನದನ್ನು ತಂದು ಹಳೇ ತಂತಿಗೆ ಸಿಕ್ಕಿಸಬೇಡಿ. ಆ ತಂತಿ ಇರುವುದು 40 ಆ್ಯಂಪ್ ಆಸುಪಾಸಿನ ಆಲ್ಟರ್ನೇಟರ್‌ಗೆ. ಹೊಸದಕ್ಕೆ 4 ಗೇಜ್‌ನ ಬೇರೆ ತಂತಿ, ಬೇರೆ ಫ್ಯೂಸ್ ಬೇಕೇ ಬೇಕು.

ಇಗ್ನಿಷನ್ ವಿಚಾರದಲ್ಲಿ ಜಗಳ ಜಾಸ್ತಿ. ಪಾಯಿಂಟ್ ಸೆಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಹಳೇ ಸ್ವಿಚ್) ಅಗ್ಗ, ಹಾಳಾದರೆ ರಸ್ತೆ ಬದಿಯಲ್ಲೇ ಬದಲಿಸಬಹುದು, ವಿ8ಗೆ 0.017 ಇಂಚಿನ ಸಂದು ಇಟ್ಟರೆ ಓಡುತ್ತದೆ. ಆದರೆ ಆಗಾಗ ಸರಿ ಮಾಡುತ್ತಿರಬೇಕು. ಪರ್ಟ್ರಾನಿಕ್ಸ್‌ನಂಥ ಎಲೆಕ್ಟ್ರಾನಿಕ್ ಕಿಟ್ ಡಿಸ್ಟ್ರಿಬ್ಯೂಟರ್ ಒಳಗೇ ಕೂರುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಅದಕ್ಕೆ ಪೂರ್ತಿ 12 ವೋಲ್ಟ್ ಬೇಕು. ಫೋರ್ಡ್ ಕಾಯಿಲ್‌ಗೆ ಕೊಟ್ಟಿರುವ ಗುಲಾಬಿ ಬಣ್ಣದ ತಂತಿ ಬೇಕೆಂದೇ ವೋಲ್ಟೇಜ್ ಇಳಿಸುವ ತಂತಿ. ಕಿಟ್‌ನ ಕೆಂಪು ತಂತಿಯನ್ನು ಅದಕ್ಕೆ ಸೇರಿಸಿದರೆ ಬಿಸಿಯಾದ ಮೇಲೆ ಕಾರು ಸುಮ್ನೆ ಆಫ್ ಆಗುತ್ತದೆ. ಎಂಜಿನ್ ನಿಂತಿರುವಾಗ ಕೀ ಆನ್‌ನಲ್ಲಿ ಬಿಟ್ಟರೆ ಮೊದಲ ತಲೆಮಾರಿನ ಮಾಡ್ಯೂಲ್ ಸುಟ್ಟುಹೋಗುತ್ತದೆ. ದಿನಾ ಓಡಿಸುವವರಿಗೆ ಎಲೆಕ್ಟ್ರಾನಿಕ್, ವರ್ಷಕ್ಕೆ ನಾಲ್ಕು ಸಲ ಓಡಿಸುವವರಿಗೆ ಪಾಯಿಂಟ್ ಸಾಕು.

ವೈರಿಂಗ್ ಮೊದಲು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಹೊಸದಾಗಿ ಕಟ್ಟಿದ ಎಂಜಿನ್‌ಗೆ ಹಳೇ ಮಾದರಿಯ, ರೋಲರ್ ಇಲ್ಲದ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಹಾಕಿದ್ದರೆ, ಮೊದಲ ಸಲ ಸ್ಟಾರ್ಟ್ ಆದ ತಕ್ಷಣ 2000ರಿಂದ 2500 ಆರ್‌ಪಿಎಂನಲ್ಲಿ ಸುಮಾರು 20 ನಿಮಿಷ ಓಡಿಸಬೇಕು. ಐಡಲ್‌ನಲ್ಲಿ ಬಿಡುವಂತಿಲ್ಲ. ಆ ಹೊತ್ತಿನಲ್ಲಿ ತಂತಿಯೊಂದು ಸಡಿಲವಾಗಿ ಎಂಜಿನ್ ನಿಂತು, ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತಾ ಕೂತರೆ ಹೊಸ ಕ್ಯಾಮ್ ಅಲ್ಲೇ ಸವೆದುಹೋಗುತ್ತದೆ. ಆಯಿಲ್ ಕೂಡ ಝಿಂಕ್ ಇರುವುದೇ ಬೇಕು, ವಾಲ್ವೊಲಿನ್ ವಿಆರ್1 ಥರದ್ದು.

ನಿಮ್ಮ ಕೈಯಲ್ಲಿರುವ ದುಡ್ಡಿಗೆ

2000 ಡಾಲರ್ ಇದ್ದರೆ: ಡ್ಯಾಶ್ ಕೆಳಗಿನ ಮತ್ತು ಹೆಡ್‌ಲೈಟಿನ ಹಾರ್ನೆಸ್, ಫ್ಯೂಸಿಬಲ್ ಲಿಂಕ್, ರಿಲೇ. ಎಂಜಿನ್ ಇಳಿಸದೆ ಸೀಲ್, ಚೈನ್, ಕಾರ್ಬ್ಯುರೇಟರ್. ಕಂಪ್ರೆಷನ್ ಕೆಟ್ಟಿದ್ದರೂ ಮೊದಲು ವೈರಿಂಗ್ ಮುಗಿಸಿ, ಎಂಜಿನ್‌ಗೆ ಮುಂದಿನ ವರ್ಷ ದುಡ್ಡು ಕೂಡಿಸಿ.

5000 ಇದ್ದು ಎರಡು ಚಳಿಗಾಲ ಕಾಯಬಲ್ಲವರು, ಕಲಿಯುವ ಆಸೆಯಿರುವವರು ಎಂಜಿನ್ ಕಟ್ಟಿ. ಮಿಷಿಗನ್, ಮಿನ್ನೆಸೋಟ ಕಡೆಯವರಿಗೆ ಹೇಗೂ ಹಿಮದಲ್ಲಿ ಕಾರು ಓಡಿಸಲು ಆಗುವುದಿಲ್ಲ. ಅದೇ 5000 ಇದ್ದು ಸಮಯ ಇಲ್ಲದಿದ್ದರೆ ಲಾಂಗ್ ಬ್ಲಾಕ್ ತನ್ನಿ. 10,000 ಇದ್ದು ದೂರ ಓಡಿಸುವ, ಎಸಿ ಬೇಕೆನ್ನುವವರಿಗೆ ಕ್ರೇಟ್ ಎಂಜಿನ್ ಮತ್ತು ಆಧುನಿಕ ವೈರಿಂಗ್ ಕಿಟ್ ಒಳ್ಳೆಯ ಜೋಡಿ. ಮಾರುವ ಉದ್ದೇಶ ಇದ್ದರೆ ಸಿ ಅಥವಾ ಟಿ ಕೋಡ್ ಕಾರಿಗೆ ಪೂರ್ತಿ ಎಂಜಿನ್ ಕಟ್ಟಿಸಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಚೆನ್ನಾಗಿ ಸ್ಟಾರ್ಟ್ ಆಗಿ, ಎಲ್ಲ ಲೈಟು ಹತ್ತಿ, ಸೋರದಿದ್ದರೆ ಕೊಳ್ಳುವವರಿಗೆ ಅಷ್ಟೇ ಸಾಕು.

ಯಾವ ದಾರಿ ಹಿಡಿದರೂ ಬ್ರೇಕ್‌ಗೆಂದು ಒಂದಿಷ್ಟು ದುಡ್ಡು ಎತ್ತಿಡಿ. ಈ ಕಾರುಗಳಲ್ಲಿ ಬ್ರೇಕ್ ಎಣ್ಣೆ ಒತ್ತುವ ಮಾಸ್ಟರ್ ಸಿಲಿಂಡರ್‌ನಲ್ಲಿ ಇರುವುದು ಒಂದೇ ಕೋಣೆ. ಒಂದು ಚಕ್ರದಲ್ಲಿ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಎರಡು ಕೋಣೆಯದು ಬಂದದ್ದು 1967ರ ಮಾಡೆಲ್‌ನಿಂದ. ಅದನ್ನು 65, 66ಕ್ಕೆ ಹೊಂದಿಸುವ ಕಿಟ್ ಸುಲಭವಾಗಿ ಸಿಗುತ್ತದೆ. ಎಂಜಿನ್ ಇಳಿಸಿದ್ದಾಗ ಆ ಜಾಗ ಖಾಲಿಯಿರುತ್ತದೆ, ಪೈಪ್ ಬಗ್ಗಿಸಿ ಕೂರಿಸಲು ಅದೇ ಸರಿಯಾದ ಸಮಯ.